ಶಿಕ್ಷಕರ ಕಾಯಂ ನೌಕರಿ : ಅಮೇರಿಕೆಯ ಅನುಭವ

(ತಾಲೂಕಾ ಶಿಕ್ಷಕರ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಈ ಸಮ್ಮೇಲನದ ಚಾಲಕರು ನನ್ನನ್ನು ಕರೆಯಲು ಬಂದಾಗ ವಿಷಯವನ್ನೂ ತಾವೇ ಗೊತ್ತುಮಾಡಿಕೊಂಡು ಬಂದಿದ್ದರು. "ನಮ್ಮ ಊರಲ್ಲಿ ಈ ಮಾತಿನ ಮೇಲೆ ಎರಡು ಪಕ್ಷಗಳಾಗಿವೆ. ನೌಕರಿ ಕಾಯಂ ಆದ ದಿನವೇ ಮಾಸ್ತರರು ಕಲಿಸುವದನ್ನು ಬಿಟ್ಟರೆಂದು ಪಾಲಕರು ಅನ್ನುತ್ತಾರೆ. ನಾಳೆ ಕೆಲಸ ಉಂಟೋ ಇಲ್ಲವೋ ಎಂದು ಅಂಜುತ್ತ ನಿಂತವನು ಏನು ಕಲಿಸಿಯಾನೆಂದು ಮಾಸ್ತರರು ಅನ್ನುತ್ತಾರೆ. ತಾವು ಬಂದು ನಿರ್ಣಯ ಹೇಳಬೇಕು" ಎಂದರು. ನಿರ್ಣಯ ಹೇಳುವ ಅಧಿಕಾರ ನನಗೆಲ್ಲಿಯದು? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಖಡು ಹಿಡಿದವನು ನಾನು. ಒಂದು ಪಕ್ಷದವನೇ ಆದುದರಿಂದ ನನ್ನ ಬರಿಯ ಅಭಿಪ್ರಾಯಕ್ಕೆ ತೂಕವೂ ಕಡಿಮೆ. ಆದರೆ ಈ ಪ್ರಶ್ನೆಯನ್ನು ಬಾಯಿಮಾತಿನಿಂದಲ್ಲದೆ ಅನುಭವದಿಂದಲೇ ಪರೀಕ್ಷಿಸಿ ನೋಡಿದ ಒಂದು ದೇಶವಿದೆ. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು ಮೊದಲು ಶಿಕ್ಷಕರಿಗೆ ಕಾಯಂ ಹಕ್ಕನ್ನು ಕೊಟ್ಟವು. ಸುಮಾರು ನೂರು ವರ್ಷಗಳ ತರುವಾಯ ಅವುಗಳಲ್ಲಿ ಕೆಲವು ಆ ಹಕ್ಕನ್ನು ಕಿತ್ತುಕೊಂಡವು. ಅಲ್ಲಿ ಶಿಕ್ಷಣವು ಒಂದೊಂದು ಸಂಸ್ಥಾನದ ಸ್ವಂತ ಅಧಿಕಾರಕ್ಕೆ ಸೇರಿದ್ದು. ಐವತ್ತು ಸಂಸ್ಥಾನಗಳಲ್ಲಿ ಐವತ್ತು ಬಗೆಯ ಕಾಯದೆಗಳು. ಒಂದು ಕಡೆ ಹಕ್ಕು ಉಳಿದು ಮಗ್ಗುಲಲ್ಲಿಯೇ ಅಳಿದುದರಿಂದ, ಎರಡನ್ನೂ ತೂಗಿ ನೋಡಲು ಪಂಡಿತರಿಗೆ ಅನುಕೂಲವಾಯಿತು. ಅವರು ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಕಾಯಂ ಎಂದರೆ ಅಲ್ಲಿ ಏನೆಂಬದನ್ನು ತಿಳಿಯಬೇಕು. ಸಾಯುವ ವರೆಗೂ ಯಾರೂ ಮುಟ್ಟಲಾಗದ ನೌಕರಿ ಎಂದು ಜನರು ತಿಳಿಯುತ್ತಾರೆ, ಕಾಯದೆಯಲ್ಲಿ ಹಾಗಿಲ್ಲ. ಹೊಸ ಶಿಕ್ಷಕನು ಎರಡೋ ಮೂರೋ ನಾಲ್ಕೋ ವರ್ಷ ಪರೀಕ್ಷಾರ್ಥವಾಗಿ ದುಡಿಯುತ್ತಾನೆ. ಆ ಅವಧಿಯಲ್ಲಿ ಅವನನ್ನು ಮುಂದುವರಿಸದಿರಲು ವಿಶೇಷ ಕಾರಣ ಬೇಕಾಗಿಲ್ಲ. ಅದು ದಾಟಿದ ಮೇಲೆ ಅವನನ್ನು ತೆಗೆಯಬೇಕಾದರೆ ಕಾರಣವನ್ನು ಬರೆದು ಕೊಡಬೇಕು, ಅವನ ಮಾತನ್ನು ಕೇಳಬೇಕು, ಮೂರನೆಯವರೊಬ್ಬರು ವಿಚಾರಣೆ ನಡೆಸಬೇಕು. ಇಷ್ಟೇ ಕಾಯಂ ಹಕ್ಕಿನ ತಿರುಳು. ಈ ವಿಚಾರಣೆಯ ಹಾದಿಯು ಕಾಲಾಂತರದಲ್ಲಿ ಎಷ್ಟು ಉದ್ದವಾಯಿತೆಂಬ ಕಥೆಗೆ ಆಮೇಲೆ ಬರುತ್ತೇನೆ.

ಈ ಹಕ್ಕು ಹುಟ್ಟಿದ್ದೇಕೆ? ಇಡಿಯ ಸಂಸ್ಥಾನಕ್ಕೆ ಅನ್ವಯಿಸುವ ಮೊದಲ ಪೂರ್ಣ ಕಾಯದೆಯೆಂದು ಸಾಮಾನ್ಯವಾಗಿ ಎಣಿಸುವದು 1909 ರ ನ್ಯೂಜರ್ಸಿಯ ಕಾಯದೆಯನ್ನು. ಅದಕ್ಕಿಂತ ಮೊದಲು ದೊಡ್ಡ ಪಟ್ಟಣಗಳಲ್ಲಿ ಮಾಸ್ತರಿಕೆಯು ಚುನಾವಣೆಯಲ್ಲಿ ಗೆದ್ದವರು ತಮ್ಮವರಿಗೆ ಹಂಚುವ ಪ್ರಸಾದವಾಗಿತ್ತು. ಪಕ್ಷ ಬದಲಾದರೆ ಮಾಸ್ತರನೂ ಬದಲು. ಶಿಕಾಗೋದಲ್ಲಿ ನಡೆದದ್ದನ್ನು ಕೇಳಿರಿ. ಅಲ್ಲಿಯ ಪ್ರಾಥಮಿಕ ಶಾಲೆಗಳ ಶಿಕ್ಷಕಿಯರು ಮಾರ್ಗರೆಟ್ ಹೇಲಿ ಎಂಬ ಧೀರ ಮಹಿಳೆಯ ಮುಂದಾಳುತನದಲ್ಲಿ ಸಂಘ ಕಟ್ಟಿದ್ದರು. ದೊಡ್ಡ ಕಂಪನಿಗಳು ತೆರಿಗೆ ತಪ್ಪಿಸುತ್ತಿದ್ದದ್ದನ್ನು ಕೋರ್ಟಿಗೆಳೆದು ಬಯಲಿಗೆ ತಂದಿದ್ದರು. ದೊಡ್ಡವರಿಗೆ ಇದು ಸಹನವಾದೀತೇ? 1915 ರಲ್ಲಿ ಅಲ್ಲಿಯ ಶಿಕ್ಷಣ ಮಂಡಳವು ಯಾವ ಶಿಕ್ಷಕರೂ ಆ ಸಂಘದ ಸದಸ್ಯರಾಗಕೂಡದೆಂದು ನಿಯಮ ಮಾಡಿತು. ಮರುವರ್ಷ 68 ಜನ ಶಿಕ್ಷಕರಿಗೆ ಮುಂದಿನ ವರ್ಷದ ನೇಮಕವನ್ನೇ ಕೊಡಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಸಂಘದವರು. ಕಲಿಸಲು ಬಾರದವರೆಂದು ಅವರನ್ನು ತೆಗೆದದ್ದಲ್ಲ. ಈ ಅನ್ಯಾಯದ ಗದ್ದಲದಿಂದಲೇ 1917 ರಲ್ಲಿ ಇಲಿನಾಯ್ ಸಂಸ್ಥಾನದ ಕಾಯದೆಯು ಶಿಕಾಗೋದ ಶಿಕ್ಷಕರಿಗೆ ಮೂರು ವರ್ಷಗಳ ಪರೀಕ್ಷಾರ್ಥ ಅವಧಿಯ ತರುವಾಯ ಕಾಯಂ ಹಕ್ಕನ್ನು ಕೊಟ್ಟಿತು.

ಸ್ತ್ರೀಯರ ಕಷ್ಟ ಬೇರೆಯೇ ಇತ್ತು. ಮದುವೆಯಾದೊಡನೆ ಶಿಕ್ಷಕಿಯು ಮನೆಗೆ ಹೋಗಬೇಕೆಂಬ ನಿಯಮ ಎಷ್ಟೋ ಊರುಗಳಲ್ಲಿತ್ತು. ಗರ್ಭಿಣಿಯಾದ ಶಿಕ್ಷಕಿ ಇಂತಿಷ್ಟು ತಿಂಗಳು ಮೊದಲೇ ಪಗಾರವಿಲ್ಲದೆ ಹೊರಗೆ ನಡೆಯಬೇಕೆಂಬ ನಿಯಮವನ್ನು ಅಲ್ಲಿಯ ಸುಪ್ರೀಮ ಕೋರ್ಟು ರದ್ದುಮಾಡಿದ್ದು 1974 ರಲ್ಲಿ ಎಂದರೆ ನಂಬುವಿರಾ? ಮುಂದುವರಿದ ದೇಶವೆಂದು ನಾವು ಕೊಂಡಾಡುವ ದೇಶದ ಮಾತಿದು.

ಆದರೆ ಕಾಯಂ ಹಕ್ಕಿಲ್ಲದ ಶಿಕ್ಷಕನ ಸ್ಥಿತಿಯನ್ನು ತಿಳಿಯಬೇಕಾದರೆ ಆರ್ಕನ್ಸಾ ಸಂಸ್ಥಾನಕ್ಕೆ ಹೋಗಬೇಕು. ಬಿ. ಟಿ. ಶೆಲ್ಟನ್ ಎಂಬವರು ಲಿಟಲ್ ರಾಕ್ ಊರಿನ ಶಾಲೆಗಳಲ್ಲಿ 25 ವರ್ಷ ಕಲಿಸಿದವರು. ಅಲ್ಲಿ ಶಿಕ್ಷಕರ ನೇಮಕವೆಲ್ಲ ವರ್ಷವರ್ಷದ್ದು; ಇಪ್ಪತ್ತೈದು ವರ್ಷ ದುಡಿದರೂ ಇಪ್ಪತ್ತಾರನೆಯ ವರ್ಷಕ್ಕೆ ಹಕ್ಕಿಲ್ಲ. 1958 ರಲ್ಲಿ ಆ ಸಂಸ್ಥಾನವು ಒಂದು ಕಾಯದೆ ಮಾಡಿತು : ಪ್ರತಿಯೊಬ್ಬ ಶಿಕ್ಷಕನೂ ಹಿಂದಿನ ಐದು ವರ್ಷಗಳಲ್ಲಿ ತಾನು ಸೇರಿದ, ವರ್ಗಣಿ ಕೊಟ್ಟ ಎಲ್ಲ ಸಂಸ್ಥೆಗಳ ಪಟ್ಟಿಯನ್ನು ಪ್ರಮಾಣಪೂರ್ವಕವಾಗಿ ಬರೆದು ಕೊಡಬೇಕು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಒಳಗಿನ ಉದ್ದೇಶವನ್ನು ಬಲ್ಲವರು ಬಲ್ಲರು. ಕರಿಯರ ಸಮಾನ ಹಕ್ಕಿಗಾಗಿ ಹೋರಾಡುವ ಸಂಘದಲ್ಲಿ ಯಾರಿದ್ದಾರೆಂದು ಹುಡುಕಿ ತೆಗೆಯಬೇಕಾಗಿತ್ತು. ಶೆಲ್ಟನ್ ಆ ಸಂಘದ ಸದಸ್ಯರು. ಪಟ್ಟಿ ಕೊಡಲೊಲ್ಲೆನೆಂದರು. ಮುಂದಿನ ವರ್ಷದ ನೇಮಕ ಬರಲಿಲ್ಲ. ಅವರನ್ನು ಕೆಲಸದಿಂದ ತೆಗೆದರೆಂದು ಕೂಡ ಹೇಳುವಂತಿಲ್ಲ ನೋಡಿರಿ. ಹೊಸ ಕರಾರು ಮಾಡಲಿಲ್ಲ, ಅಷ್ಟೇ. ವಾದವು ಸುಪ್ರೀಮ ಕೋರ್ಟಿನ ವರೆಗೆ ಹೋಗಿ, 1960 ರ ಡಿಸೆಂಬರದಲ್ಲಿ ಐದು ಜನ ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಆ ಕಾಯದೆಯು ರದ್ದಾಯಿತು. ವರ್ಷವರ್ಷಕ್ಕೆ ನೇಮಕಗೊಳ್ಳುವ ಶಿಕ್ಷಕನು ತನ್ನನ್ನು ನೇಮಿಸುವವರ ಮರ್ಜಿಯಲ್ಲಿ ಬದುಕುತ್ತಾನೆಂಬ ಸಂಗತಿಯನ್ನು ನ್ಯಾಯಾಲಯವೂ ಲಕ್ಷ್ಯಕ್ಕೆ ತಂದುಕೊಂಡಿತು.

ಶೆಲ್ಟನ್ ಒಬ್ಬರ ಮಾತಲ್ಲ. ಬಿಳಿಯ ಕರಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದು 1954 ರಲ್ಲಿ ತೀರ್ಪಾದ ಮೇಲೆ ದಕ್ಷಿಣದ ಹಾಗೂ ಅಂಚಿನ 17 ಸಂಸ್ಥಾನಗಳಲ್ಲಿ 1965 ರ ವರೆಗೆ ಸುಮಾರು 38,000 ಕರಿಯ ಶಿಕ್ಷಕರೂ ಮುಖ್ಯಾಧ್ಯಾಪಕರೂ ಕೆಲಸ ಕಳೆದುಕೊಂಡರೆಂದು ಲೆಕ್ಕ ಹಾಕಿದ್ದಾರೆ. ಮಕ್ಕಳನ್ನು ಕೂಡಿಸಿದರು, ಮಕ್ಕಳ ಮಾಸ್ತರರನ್ನು ಬಿಟ್ಟರು. ಕೆಲವು ಸಂಸ್ಥಾನಗಳು ಈ ಕೆಲಸವು ಸುಗಮವಾಗಲೆಂದೇ ಇದ್ದ ಕಾಯಂ ಕಾಯದೆಗಳನ್ನು ಸಡಿಲಿಸಿದವು. ಕಾಯಂ ಹಕ್ಕು ಆಲಸಿಗಳ ಆಸರೆಯೆಂದು ಮಾತ್ರ ತಿಳಿದವರು ಈ ಭಾಗವನ್ನು ಮರೆಯಬಾರದು.

ಇನ್ನು ಪಾಲಕರ ಪಕ್ಷದ ಮಾತು. ಅದನ್ನು ನಾನು ಮುಚ್ಚಿಡುವವನಲ್ಲ. ನ್ಯೂಯಾರ್ಕ ಪಟ್ಟಣದಲ್ಲಿ ಆರೋಪ ಹೊತ್ತ ಶಿಕ್ಷಕರನ್ನು ವಿಚಾರಣೆ ಮುಗಿಯುವ ವರೆಗೆ ತರಗತಿಗೆ ಕಳಿಸುತ್ತಿರಲಿಲ್ಲ. ಅದಕ್ಕಾಗಿಯೇ ಇದ್ದ ಕೋಣೆಗಳಲ್ಲಿ ದಿನವಿಡೀ ಕೂಡ್ರಿಸುತ್ತಿದ್ದರು. ಕೆಲಸವಿಲ್ಲ, ಪಗಾರ ಪೂರ್ತಿ. ಅಂಥವರ ಸಂಖ್ಯೆ ಆರು ನೂರಕ್ಕೂ ಮೇಲೆ ಹೋಗಿತ್ತು. ಕೆಲವರ ವಿಚಾರಣೆ ವರ್ಷಗಟ್ಟಲೆ ನಡೆಯಿತು. ತಪ್ಪು ಮಾಡದವನಿಗೂ ಅದು ಸೆರೆಮನೆ, ತಪ್ಪು ಮಾಡಿದವನಿಗೂ ಅದು ವಿಶ್ರಾಂತಿಧಾಮ! 2010 ರಲ್ಲಿ ಈ ಕೋಣೆಗಳನ್ನು ಮುಚ್ಚಿದರು. ಅದಕ್ಕೂ ಒಂದು ವರ್ಷ ಮೊದಲು, 2009 ರಲ್ಲಿ, ನಾಲ್ಕು ಸಂಸ್ಥಾನಗಳ ಹನ್ನೆರಡು ಶಾಲಾ ಜಿಲ್ಲೆಗಳನ್ನು ಪರಿಶೀಲಿಸಿದ ಒಂದು ವರದಿ ಹೊರಬಿತ್ತು. ಶಿಕ್ಷಕರನ್ನು 'ತೃಪ್ತಿಕರ', 'ಅತೃಪ್ತಿಕರ' ಎಂದು ಎರಡೇ ವರ್ಗಗಳಾಗಿ ಅಳೆಯುವ ಜಿಲ್ಲೆಗಳಲ್ಲಿ ನೂರಕ್ಕೆ 99 ಕ್ಕಿಂತ ಹೆಚ್ಚು ಜನ 'ತೃಪ್ತಿಕರ'ರು. ನಮ್ಮ ಶಾಲಾ ತಪಾಸಣೆಯ ಶೆರಾ ಪುಸ್ತಕಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ಕ್ಯಾಲಿಫೋರ್ನಿಯದಲ್ಲಂತೂ ಕಾಯಂ ಮಾಡುವ ನಿರ್ಣಯವನ್ನು ಎರಡನೆಯ ವರ್ಷದ ಮಾರ್ಚ 15 ರೊಳಗೆ ಮಾಡಬೇಕು. ಅಂದರೆ ಹೊಸ ಶಿಕ್ಷಕನನ್ನು ನೋಡಿ ತಿಳಿಯಲು ಸಿಕ್ಕುವದು ಸುಮಾರು ಒಂದೂವರೆ ವರ್ಷ. ಬಿತ್ತಿದ ಮಾವು ಕಾಯಿ ಬಿಡುವ ಮೊದಲೇ ಸಿಹಿಯೋ ಹುಳಿಯೋ ಹೇಳೆಂದ ಹಾಗೆ.

ಆದುದರಿಂದ ಸುಧಾರಣೆಯ ಗಾಳಿ ಬೀಸಿದ್ದು ಅಕಾರಣವಾಗಿ ಅಲ್ಲ. 2009 ರಲ್ಲಿ ಅಲ್ಲಿಯ ಕೇಂದ್ರ ಸರಕಾರವು 435 ಕೋಟಿ ಡಾಲರುಗಳ ಪಾರಿತೋಷಕದ ಗಂಟನ್ನು ಮುಂದಿಟ್ಟು, ಶಿಕ್ಷಕರನ್ನು ಮಕ್ಕಳ ಕಲಿಕೆಯ ಮೇಲಿಂದ ಅಳೆಯುವ ಸಂಸ್ಥಾನಗಳಿಗೆ ಪಾಲು ಕೊಡುವೆವೆಂದಿತು. ಫ್ಲಾರಿಡಾ ಸಂಸ್ಥಾನವು 2011 ರಲ್ಲಿ ಕಾಯದೆ ಮಾಡಿ, ಆ ವರ್ಷದ ಜುಲೈದಿಂದ ಸೇರುವ ಹೊಸಬರಿಗೆಲ್ಲ ವರ್ಷದ ಕರಾರು ಮಾತ್ರವೆಂದು ವಿಧಿಸಿತು. ಲೂಯಿಸಿಯಾನಾ 2012 ರಲ್ಲಿ ಇನ್ನೂ ಮುಂದೆ ಹೋಯಿತು : ಆರು ವರ್ಷಗಳಲ್ಲಿ ಐದು ವರ್ಷ ಅತ್ಯುತ್ತಮ ದರ್ಜೆ ಬಂದವನಿಗೇ ಕಾಯಂ, ಮೊದಲೇ ಕಾಯಂ ಆದವನಿಗೂ ಒಂದು ವರ್ಷ ಕೆಳದರ್ಜೆ ಬಂದರೆ ಹಕ್ಕು ಹೋಯಿತು. ಎಲ್ಲೆಡೆಯೂ ಜನರು ಇದನ್ನು ಒಪ್ಪಲಿಲ್ಲ. ಐಡಾಹೊ ಮತ್ತು ದಕ್ಷಿಣ ಡಕೋಟಾ ಸಂಸ್ಥಾನಗಳಲ್ಲಿ ಇಂಥ ಕಾಯದೆಗಳನ್ನು 2012 ರ ನವೆಂಬರದಲ್ಲಿ ಮತದಾರರೇ ತಿರಸ್ಕರಿಸಿದರು. ಉತ್ತರ ಕ್ಯಾರೊಲಿನಾದಲ್ಲಿ 2013 ರ ಕಾಯದೆಯು ಮೊದಲೇ ಹಕ್ಕು ಪಡೆದವರಿಂದ ಅದನ್ನು ಕಿತ್ತುಕೊಳ್ಳುವದು ಸಂವಿಧಾನಬಾಹಿರವೆಂದು 2016 ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯ ಹೇಳಿತು. ಕ್ಯಾಲಿಫೋರ್ನಿಯದಲ್ಲಿ ಒಂಬತ್ತು ಜನ ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆ ಹೂಡಿ, ಕಾಯಂ ಹಕ್ಕು ಬಡ ಮಕ್ಕಳ ಶಿಕ್ಷಣದ ಹಕ್ಕಿಗೇ ಕುತ್ತೆಂದು 2014 ರಲ್ಲಿ ಕೆಳಗಿನ ಕೋರ್ಟಿನಿಂದ ತೀರ್ಪು ಪಡೆದರು. 2016 ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು.

ಕಾಯದೆಗಳ ಜಗಳ ಇಷ್ಟು ಸಾಕು. ಇದರಿಂದ ಶಾಲೆಗಳಿಗೆ ಏನಾಯಿತು?

ಲೂಯಿಸಿಯಾನಾದಲ್ಲಿ ಹೊಸ ಕಾಯದೆಯ ಮೊದಲ ಎರಡು ವರ್ಷಗಳಲ್ಲಿ, ಎಂದಿನಂತೆ ಬಿಟ್ಟುಹೋಗುವವರನ್ನು ಬಿಟ್ಟು, ಇನ್ನೂ 1,500 ರಿಂದ 1,700 ಶಿಕ್ಷಕರು ಹೆಚ್ಚಾಗಿ ಶಾಲೆ ತೊರೆದರೆಂದು ಸಂಶೋಧಕರು ಕಂಡುಕೊಂಡರು. ಹೊರಟವರು ಯಾರು? ಹೆಚ್ಚಾಗಿ ನಿವೃತ್ತಿವೇತನಕ್ಕೆ ಅರ್ಹರಾದ ಹಳಬರು. ಎಲ್ಲಿಂದ ಹೊರಟರು? ಅತಿ ಕೆಳದರ್ಜೆಯ ಶಾಲೆಗಳಿಂದ ವಿಶೇಷವಾಗಿ. ಅಂದರೆ ಕಾಯದೆಯು ಅಂಜಿಸಬೇಕೆಂದಿದ್ದದ್ದು ಅಯೋಗ್ಯರನ್ನು; ಎದ್ದುಹೋದವರು ಎದ್ದುಹೋಗಲು ಶಕ್ಯವಿದ್ದವರು. ಯಾರಿಗೆ ಬೇರೆ ಗತಿಯಿಲ್ಲವೋ ಅವರು ಕೂತಲ್ಲಿಯೇ ಕೂತರು. ಫ್ಲಾರಿಡಾದಲ್ಲಿ ಮಕ್ಕಳ ಅಂಕಗಳಲ್ಲಿ ಸ್ವಲ್ಪ ಏರಿಕೆಯ ಸುಳಿವು ಕಂಡಿತು. ಆದರೆ ಅದು ಎಷ್ಟು ಅಲ್ಪವೆಂದರೆ ಅದನ್ನು ಕಂಡುಹಿಡಿದವರೇ ಖಂಡಿತವಾಗಿ ಹೇಳಲು ಹಿಂಜರಿದರು. 2009 ರಿಂದ 2017 ರ ವರೆಗೆ 44 ಸಂಸ್ಥಾನಗಳು ಶಿಕ್ಷಕರ ಅಳತೆಯ ಪದ್ಧತಿಯನ್ನು ಬದಲಿಸಿದ್ದನ್ನು ಇಡಿಯಾಗಿ ಲೆಕ್ಕಕ್ಕೆ ತೆಗೆದುಕೊಂಡ ಇನ್ನೊಂದು ಅಭ್ಯಾಸವು, ಒಟ್ಟು ದೇಶದ ಮಕ್ಕಳ ಕಲಿಕೆಯ ಮೇಲೆ ಇದರ ಪರಿಣಾಮ ಶೂನ್ಯವೆಂದೇ ಹೇಳಿತು. ಅದರ ಜೊತೆಗೆ ಹೊಸದಾಗಿ ಶಿಕ್ಷಕವೃತ್ತಿಗೆ ಬರಲು ಸನದು ಪಡೆಯುವ ತರುಣರ ಸಂಖ್ಯೆ ಇಂಥ ಸುಧಾರಣೆಯಾದಲ್ಲಿ ಇಳಿಯಿತು. ಯಾರೂ ಹೋಗಲೊಲ್ಲದ ಶಾಲೆಗಳಲ್ಲಿ ಖಾಲಿ ಜಾಗಗಳು ಹೆಚ್ಚಾದವು. ಬಂದ ಹೊಸಬರಲ್ಲಿ ಒಳ್ಳೆಯ ಕಾಲೇಜುಗಳಿಂದ ಬಂದವರ ಪ್ರಮಾಣ ಸ್ವಲ್ಪ ಹೆಚ್ಚಿತೆಂಬದನ್ನೂ ನ್ಯಾಯವಾಗಿ ಹೇಳಬೇಕು.

ಇಷ್ಟೆಲ್ಲ ಅಧಿಕಾರ ಕೈಗೆ ಬಂದರೂ ಮುಖ್ಯಾಧ್ಯಾಪಕರು ಮಾಡಿದ್ದೇನು? ಹೊಸ ಪದ್ಧತಿ ಬಂದ 24 ಸಂಸ್ಥಾನಗಳ ಅಂಕಿಗಳನ್ನು 2017 ರಲ್ಲಿ ಪ್ರಕಟಿಸಿದರು. ಎರಡರ ಬದಲು ನಾಲ್ಕೈದು ದರ್ಜೆಗಳಾಗಿದ್ದವು. ಆದರೆ ಬಹುಪಾಲು ಸಂಸ್ಥಾನಗಳಲ್ಲಿ ಅತಿ ಕೆಳದರ್ಜೆ ಪಡೆದವರು ನೂರಕ್ಕೆ ಒಬ್ಬರೂ ಇಲ್ಲ! ಸಂಶೋಧಕರು ಮುಖ್ಯಾಧ್ಯಾಪಕರನ್ನೇ ಕೇಳಿದರು. ದುರ್ಬಲ ಶಿಕ್ಷಕರು ಇದಕ್ಕಿಂತ ಹೆಚ್ಚು ಇದ್ದಾರೆಂದು ಅವರೇ ಒಪ್ಪಿದರು. ಮತ್ತೇಕೆ ಬರೆಯಲಿಲ್ಲ? ಒಬ್ಬರಿಗೆ ಕೂತು ನೋಡಲು ಪುರಸತ್ತಿಲ್ಲ. ಇನ್ನೊಬ್ಬರಿಗೆ ಇವನನ್ನು ಕಳಿಸಿದರೆ ಇದಕ್ಕಿಂತ ಒಳ್ಳೆಯವನು ಸಿಕ್ಕುವ ಭರವಸೆಯಿಲ್ಲ. ಮತ್ತೊಬ್ಬರಿಗೆ ಎದುರು ಕೂಡ್ರಿಸಿಕೊಂಡು ಕಟು ಮಾತು ಹೇಳುವ ಧೈರ್ಯವಿಲ್ಲ.

ಈ ಮೂರನೆಯ ಕಾರಣವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು. ಸಭೆಯಲ್ಲಿ ಹೇಳುವ ಮಾತೋ ಅಲ್ಲವೋ, ಹೇಳಿಬಿಡುತ್ತೇನೆ. ನಾನೊಂದು ಪ್ರೌಢಶಾಲೆಯ ಮುಖ್ಯಾಧ್ಯಾಪಕನಾಗಿದ್ದಾಗ ಗಣಿತಕ್ಕೆ ಒಬ್ಬ ತರುಣರು ಬಂದರು. ಎರಡು ವರ್ಷಗಳ ಪರೀಕ್ಷಾರ್ಥ ಅವಧಿ. ಮೊದಲ ತಿಂಗಳಲ್ಲಿ ಒಮ್ಮೆ ಅವರ ತರಗತಿಯ ಹಿಂದಿನ ಬಾಕಿನ ಮೇಲೆ ಹೋಗಿ ಕುಳಿತೆನು. ಸಮೀಕರಣವನ್ನು ಹಲಗೆಯ ಮೇಲೆ ಬಿಡಿಸುತ್ತ ನಡುವೆ ಎಡವಿದರು, ಮಕ್ಕಳು ನಕ್ಕರು, ಅವರ ಮುಖ ಸಣ್ಣದಾಯಿತು. ಇವರಿಗೆ ಅವಮಾನವಾಗಬಾರದೆಂದು ನಾನು ಎದ್ದುಬಂದೆನು. ದಯೆ ಮಾಡಿದೆನೆಂದು ತಿಳಿದೆನು. ತಿರುಗಿ ಹೋಗಲಿಲ್ಲ. ನಡುನಡುವೆ ಪಾಲಕರು ಬಂದು ಹೇಳಿದರು, ನೋಡೋಣ ಎಂದೆನು. ಎರಡು ವರ್ಷ ತುಂಬುವ ವಾರ ಕಾರಕೂನರು ಕಾಗದ ತಂದರು. 'ಕೆಲಸ ತೃಪ್ತಿಕರ' ಎಂಬ ಅಕ್ಷರಗಳನ್ನು ಅವರೇ ಬರೆದು ತಂದಿದ್ದರು. ನಾನು ಸಹಿ ಮಾಡಿದೆನು. ಆ ಬಳಿಕ ಅವರು ಮೂವತ್ತಕ್ಕೆ ಹತ್ತಿರ ವರ್ಷ ಗಣಿತ ಕಲಿಸಿದರು. ವರ್ಷಕ್ಕೆ ನೂರು ಮಕ್ಕಳೆಂದರೂ ಲೆಕ್ಕ ಹಾಕಿರಿ. ಆ ಮಕ್ಕಳಲ್ಲಿ ಅನುಕೂಲಸ್ಥರು ಮನೆಪಾಠಕ್ಕೆ ಹೋದರು. ಉಳಿದವರು ಗಣಿತವೇ ತಮ್ಮ ತಲೆಗೆ ಹತ್ತುವದಲ್ಲವೆಂದು ನಂಬಿ ಶಾಲೆ ಬಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಮೊದಲ ಆರು ತಿಂಗಳು ಯಾರಾದರೂ ಜೊತೆಗೆ ಕೂತು ತಿದ್ದಿದ್ದರೆ ಒಳ್ಳೆಯ ಶಿಕ್ಷಕರೇ ಆಗುತ್ತಿದ್ದರೇನೋ. ಆಗದಿದ್ದರೆ ಬೇರೆ ಉದ್ಯೋಗ ಹಿಡಿಯುವ ವಯಸ್ಸಾದರೂ ಇತ್ತು. ಅವರ ಕಾಯಂ ಹಕ್ಕನ್ನು ಊರವರು ಬೈದರು. ಆ ಹಕ್ಕನ್ನು ಕೊಟ್ಟವನನ್ನು ಯಾರೂ ಬೈಯಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನ್ಯೂಯಾರ್ಕ ಪಟ್ಟಣದ ಇನ್ನೊಂದು ಕಥೆಯನ್ನು ಕೇಳಿರಿ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮಹತ್ವದ್ದು, ಆದರೂ ಇದರ ಬಗ್ಗೆ ಗದ್ದಲವೆದ್ದದ್ದು ಕಡಿಮೆ. 2009-10 ರಲ್ಲಿ ಅಲ್ಲಿಯ ಶಿಕ್ಷಣ ಇಲಾಖೆಯು ಕಾಯದೆಯಲ್ಲಿಯ ಕಾಯಂ ಹಕ್ಕಿಗೆ ಕೈ ಹಚ್ಚಲಿಲ್ಲ. ಬದಲಾದದ್ದು ನಿರ್ಣಯ ಮಾಡುವ ರೀತಿ. ಅದುವರೆಗೆ ಮೂರು ವರ್ಷ ಮುಗಿದರೆ ಕಾಯಂ ತಾನಾಗಿ ಆದಂತೆಯೇ ಇತ್ತು. ಇನ್ನು ಮೇಲೆ ಮುಖ್ಯಾಧ್ಯಾಪಕನು ತರಗತಿಯಲ್ಲಿ ಕಂಡದ್ದನ್ನೂ ಮಕ್ಕಳ ಪ್ರಗತಿಯನ್ನೂ ಮುಂದಿಟ್ಟುಕೊಂಡು, ಈ ಶಿಕ್ಷಕನಿಗೆ ಕಾಯಂ ಏಕೆ ಕೊಡಬೇಕೆಂದು ಕಾರಣ ಕೊಡಬೇಕೆಂದರು. ಸಂಶಯವಿದ್ದರೆ ಇನ್ನೊಂದು ವರ್ಷ ಪರೀಕ್ಷಾರ್ಥ ಅವಧಿಯನ್ನೇ ಬೆಳೆಸುವ ದಾರಿಯನ್ನು ಬಳಕೆಗೆ ತಂದರು. ಮೊದಲು ನೂರಕ್ಕೆ 94 ಜನರಿಗೆ ಆ ವರ್ಷವೇ ಕಾಯಂ ಸಿಕ್ಕುತ್ತಿದ್ದದ್ದು ತರುವಾಯದ ವರ್ಷಗಳಲ್ಲಿ ಸರಾಸರಿ 56 ಕ್ಕೆ ಇಳಿಯಿತು. ಉಳಿದವರನ್ನು ಬೀದಿಗೆ ತಳ್ಳಿದರೆಂದು ತಿಳಿಯಬೇಡಿರಿ. ಖಡಾಖಂಡಿತವಾಗಿ ಇಲ್ಲವೆನಿಸಿಕೊಂಡವರು ನೂರಕ್ಕೆ ಎರಡು ಮೂರು ಜನ ಮಾತ್ರ. ಮಿಕ್ಕವರಿಗೆಲ್ಲ ಅವಧಿ ಬೆಳೆಯಿತು.

ಆಗ ನಡೆದದ್ದು ಆಶ್ಚರ್ಯಕರ. ಅವಧಿ ಬೆಳೆದವರಲ್ಲಿ ಹಲವರು, ಕಾಯಂ ಸಿಕ್ಕವರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ, ತಾವಾಗಿಯೇ ಬೇರೆ ಶಾಲೆಗೆ ಹೋದರು, ಇಲ್ಲವೆ ವೃತ್ತಿಯನ್ನೇ ಬಿಟ್ಟರು. ಅವರ ಜಾಗಕ್ಕೆ ಬಂದವರು ಕಲಿಸುವಿಕೆಯಲ್ಲಿ ಅವರಿಗಿಂತ ಮೇಲಾಗಿರುವ ಸಂಭವ ಹೆಚ್ಚೆಂದು ಲೆಕ್ಕದಿಂದ ಕಂಡಿತು. ಉಳಿದು ದುಡಿದವರಲ್ಲಿ ಎಷ್ಟೋ ಜನರಿಗೆ ಮುಂದೆ ಕಾಯಂ ಸಿಕ್ಕಿತು. ಕೋರ್ಟು ಕಚೇರಿ ಇಲ್ಲ, ಮುಷ್ಕರವಿಲ್ಲ. 'ನಿಮ್ಮ ಕೆಲಸ ಇನ್ನೂ ಆಗಿಲ್ಲ, ಇನ್ನೊಂದು ವರ್ಷ ನೋಡೋಣ' ಎಂಬ ಒಂದು ಮಾತು ಹೇಳಿಸಿದರು, ಅಷ್ಟೇ. ಶಿಕಾಗೋದಲ್ಲಿಯೂ 2004 ರ ಒಂದು ಒಪ್ಪಂದವು ಪರೀಕ್ಷಾರ್ಥ ಶಿಕ್ಷಕರನ್ನು ಮಾತ್ರ ಸುಲಭವಾಗಿ ಬಿಡುವ ಅಧಿಕಾರವನ್ನು ಮುಖ್ಯಾಧ್ಯಾಪಕರಿಗೆ ಕೊಟ್ಟಿತ್ತು. ಅಲ್ಲಿ ಶಿಕ್ಷಕರ ಗೈರುಹಾಜರಿ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯಿತು. ಮುಖ್ಯಾಧ್ಯಾಪಕರು ಹೆಚ್ಚಾಗಿ ಬಿಟ್ಟದ್ದೂ ಮೇಲಿಂದ ಮೇಲೆ ಗೈರುಹಾಜರಾದವರನ್ನು, ಯಾರ ಮಕ್ಕಳು ಹಿಂದೆ ಬಿದ್ದಿದ್ದರೋ ಅವರನ್ನು. ಮಗ್ಗುಲಲ್ಲಿಯೇ ಇನ್ನೊಂದು ಸಂಗತಿ : ಮುಖ್ಯಾಧ್ಯಾಪಕರಲ್ಲಿ ನೂರಕ್ಕೆ ಮೂವತ್ತು ನಾಲ್ವತ್ತು ಜನರು, ಅತಿ ಹಿಂದುಳಿದ ಶಾಲೆಯವರೂ ಸೇರಿ, ಒಬ್ಬರನ್ನೂ ಬಿಡಲಿಲ್ಲ. ನನ್ನಂಥವರು ಅಲ್ಲಿಯೂ ಇದ್ದಾರೆಂದು ಸಮಾಧಾನ ಪಡಬೇಕೋ ಏನೋ.

ಇಲ್ಲಿ ಪಾಲಕರಲ್ಲಿ ಯಾರಾದರೂ ಎದ್ದು, ಅಮೇರಿಕೆಯ ಮಾತು ಇರಲಿ, ನಮ್ಮ ಮಗ್ಗುಲ ಆಂಧ್ರದ ಮಾತೇನೆಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಂಧ್ರಪ್ರದೇಶದಲ್ಲಿ ಕಾರ್ತಿಕ ಮುರಳೀಧರನ್ ಮತ್ತು ವೆಂಕಟೇಶ ಸುಂದರರಾಮನ್ ಎಂಬ ವಿದ್ವಾಂಸರು ನೂರು ಹಳ್ಳಿ ಶಾಲೆಗಳಿಗೆ ಒಬ್ಬೊಬ್ಬ ಹೆಚ್ಚಿನ ಕರಾರು ಶಿಕ್ಷಕನನ್ನು ಕೊಡಿಸಿ ಎರಡು ವರ್ಷ ನೋಡಿದರು. ಮಕ್ಕಳು ಮುಂದೆ ಬಂದರು. ಕರಾರಿನವರ ಗೈರುಹಾಜರಿ ನೂರಕ್ಕೆ 18, ಕಾಯಂ ಶಿಕ್ಷಕರದು 27. ಕರಾರಿನವರ ಪಗಾರವೋ ಕಾಯಂನವರ ಐದನೆಯ ಒಂದು ಪಾಲಿಗೂ ಕಡಿಮೆ. ಇದು ಮಾಸ್ತರರಾದ ನಾವು ತಲೆ ತಗ್ಗಿಸಬೇಕಾದ ಅಂಕಿ. ನಾನು ಇದಕ್ಕೆ ಸಬೂಬು ಹುಡುಕುವದಿಲ್ಲ. ಆದರೆ ಇದೇ ಬಗೆಯ ಕರಾರು ಶಿಕ್ಷಕರನ್ನು ಆಫ್ರಿಕೆಯ ಕೀನ್ಯಾ ದೇಶದಲ್ಲಿ 2010 ರ ಸುಮಾರಿಗೆ ನೇಮಿಸಿದಾಗ, ಒಂದು ಸೇವಾಸಂಸ್ಥೆಯು ನೇಮಿಸಿ ನೋಡಿಕೊಂಡಲ್ಲಿ ಮಕ್ಕಳ ಕಲಿಕೆ ಏರಿತು. ಸರಕಾರದ ಇಲಾಖೆ ನಡೆಸಿದಲ್ಲಿ ಏನೂ ಆಗಲಿಲ್ಲ. ಕರಾರು ಒಂದೇ ಬಗೆಯದು. ಹೋಗಿ ನೋಡುವವರು ಬೇರೆ.

ಇನ್ನು ನಮ್ಮ ಕರ್ನಾಟಕ. ಇಲ್ಲಿ ಕಾಯಂ ಹಕ್ಕಿನ ಸುಧಾರಣೆಯೆಂದು ಯಾರೂ ಹೆಸರಿಟ್ಟು ಕಾಯದೆ ಮಾಡಲಿಲ್ಲ. ಸದ್ದಿಲ್ಲದೆ ಇನ್ನೊಂದು ನಡೆದಿದೆ. ಸರಕಾರಿ ಶಾಲೆಗಳ ಖಾಲಿ ಜಾಗಗಳಿಗೆ ವರ್ಷ ವರ್ಷವೂ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಮನೆಗೆ ಬಂದ ಅತಿಥಿಗೆ ಊಟ ಹಾಕಿ ಕಳಿಸುವ ದೇಶ ನಮ್ಮದು. ಈ ಅತಿಥಿಗೆ ಗೌರವಧನವೆಂಬ ಹೆಸರಿನ ಅಲ್ಪ ಹಣವನ್ನು ಕೊಟ್ಟು ವರ್ಷದ ಕೊನೆಗೆ ಕಳಿಸುತ್ತೇವೆ. ಅವನಿಗೆ ಪರೀಕ್ಷಾರ್ಥ ಅವಧಿಯೂ ಇಲ್ಲ, ಏಕೆಂದರೆ ಅದು ಮುಗಿದ ಮೇಲೆ ಸಿಗುವದೇನೂ ಇಲ್ಲ. ಹತ್ತು ವರ್ಷ ಅತಿಥಿಯಾಗಿಯೇ ಇದ್ದವರು ಈ ಸಭೆಯಲ್ಲಿಯೂ ಕುಳಿತಿದ್ದಾರೆ. ಅವರು ಒಳ್ಳೆಯ ಶಿಕ್ಷಕರೋ ಅಲ್ಲವೋ ಎಂಬದನ್ನು ಈ ಹತ್ತು ವರ್ಷಗಳಲ್ಲಿ ಯಾರಾದರೂ ತರಗತಿಯಲ್ಲಿ ಕೂತು ನೋಡಿ ಬರೆದಿಟ್ಟಿದ್ದಾರೆಯೇ? ಒಳ್ಳೆಯವರೆಂದು ಬರೆದರೆ ಇಟ್ಟುಕೊಳ್ಳಬೇಕಾದೀತು, ಅಲ್ಲವೆಂದು ಬರೆದರೆ ಬೇರೆಯವರನ್ನು ಹುಡುಕಬೇಕಾದೀತು. ಆದುದರಿಂದ ಬರೆಯುವದೇ ಇಲ್ಲ. ಒಂದು ಕೈಯಲ್ಲಿ ನೋಡದೆ ಕಾಯಂ ಮಾಡುವ ಪದ್ಧತಿ, ಇನ್ನೊಂದು ಕೈಯಲ್ಲಿ ನೋಡದೆ ತಾತ್ಪೂರ್ತಿಕವಾಗಿ ಇಡುವ ಪದ್ಧತಿ. ಎರಡರಲ್ಲಿಯೂ ಉಳಿಯುವದು ಖರ್ಚು ಮತ್ತು ಶ್ರಮ. ಅದನ್ನು ತುಂಬಿಕೊಡುವವರು ಹಿಂದಿನ ಬಾಕಿನ ಮಕ್ಕಳು.

ಚಾಲಕರು ನಿರ್ಣಯ ಕೇಳಿದರಾದ್ದರಿಂದ ಬೇಡಿಕೆಯ ರೂಪದಲ್ಲಿ ಎರಡು ಮಾತು ಹೇಳಿ ಕುಳಿತುಕೊಳ್ಳುತ್ತೇನೆ. ಇಂದಿನ ಸಂಜೆಯ ಠರಾವಿನಲ್ಲಿ 'ಶಿಕ್ಷಕರ ಸೇವಾಭದ್ರತೆಯನ್ನು ಕಾಯಬೇಕು' ಎಂಬ ವಾಕ್ಯವಿದೆ. ಅದಕ್ಕೆ ನನ್ನ ಕೈ ಮೇಲಿದೆ; ಶೆಲ್ಟನ್ ಅವರ ಕಥೆ ಓದಿದವನು ಕೈ ಇಳಿಸಲಾರನು. ಆದರೆ ಅದರ ಕೆಳಗೆ ಇನ್ನೊಂದು ವಾಕ್ಯವನ್ನು ನಾವೇ, ಶಿಕ್ಷಕರೇ, ಸೇರಿಸೋಣ : ಪರೀಕ್ಷಾರ್ಥ ಅವಧಿಯ ಶಿಕ್ಷಕನ ತರಗತಿಯಲ್ಲಿ ಮುಖ್ಯಾಧ್ಯಾಪಕನೂ ಅದೇ ವಿಷಯದ ಹಿರಿಯ ಶಿಕ್ಷಕನೊಬ್ಬನೂ ತಿಂಗಳಿಗೊಮ್ಮೆಯಾದರೂ ಪೂರ್ತಿ ತಾಸು ಕೂಡ್ರಬೇಕು, ಕಂಡದ್ದನ್ನು ಅವನಿಗೇ ತೋರಿಸಿ ಬರೆದಿಡಬೇಕು, ಆ ಬರಹವಿಲ್ಲದೆ 'ತೃಪ್ತಿಕರ' ಎಂಬ ಕಾಗದಕ್ಕೆ ಸಹಿ ಬೀಳಕೂಡದು. ಅತಿಥಿ ಶಿಕ್ಷಕರಿಗೂ ಇದೇ ನಿಯಮ. ಖಾಲಿ ಜಾಗ ತುಂಬುವಾಗ ಆ ಬರಹಕ್ಕೆ ಬೆಲೆ ಕೊಡಬೇಕು. ಇದನ್ನು ಇಲಾಖೆ ಹೇರಿದರೆ ನಮಗೆ ಕಿರುಕುಳವೆನಿಸೀತು. ನಾವೇ ಕೇಳಿದರೆ ಊರ ಮಹಾಜನರು ನಮ್ಮ ಮೊದಲನೆಯ ವಾಕ್ಯವನ್ನು ಬೇರೆ ಕಿವಿಯಿಂದ ಕೇಳಿಯಾರು.

ಠರಾವಿನ ಕರಡು ಅಧ್ಯಕ್ಷರ ಮೇಜಿನ ಮೇಲಿದೆ. ತಿದ್ದುಪಡಿಯನ್ನು ನಾನು ಬರೆದುಕೊಟ್ಟಿದ್ದೇನೆ. ಅನುಮೋದಿಸುವವರು ಮುಂದೆ ಬರಬೇಕು.